ಅರ್ಧಕ್ಕೇ ಬಿಟ್ಟು ಏಳಬೇಕಾದರೆ ಯಾವುದು ವಾಸಿ? ಪುಟ್ಟ ಮಕ್ಕಳಿರುವ ಮನೆಯ ಕೆಲಸ, ಒಂದು ಹೋಲಿಕೆ

ಮಗು ಮಲಗಿದೆ. ನೀವು ಒಣಗಿದ ಬಟ್ಟೆಯನ್ನೆಲ್ಲ ತಂದು ಮಂಚದ ಮೇಲೆ ಸುರಿದಿದ್ದೀರಿ. ದೊಡ್ಡವರದ್ದು ಒಂದು ಕಡೆ, ಮಗುವಿನದ್ದು ಇನ್ನೊಂದು ಕಡೆ, ಜೋಡಿ ಸಿಗದ ಕಾಲುಚೀಲಗಳು ದಿಂಬಿನ ಮೇಲೆ. ಏಳನೇ ಅಂಗಿ ಮಡಚುವಷ್ಟರಲ್ಲಿ ಅಳು ಕೇಳುತ್ತದೆ. ಎದ್ದು ಹೋಗುತ್ತೀರಿ. ಮತ್ತೆ ಆ ಮಂಚದ ಹತ್ತಿರ ಬರೋದು ರಾತ್ರಿ ಹತ್ತೂವರೆಗೆ, ಮಲಗೋಕೆ. ಬಟ್ಟೆಯ ಗುಡ್ಡ ಹಾಗೇ ಇದೆ. ಎರಡೂ ಕೈಯಲ್ಲಿ ಬಾಚಿ ಕುರ್ಚಿಯ ಮೇಲೆ ಹಾಕುತ್ತೀರಿ. ಮಡಚಿದ್ದೂ ಮಡಚದ್ದೂ ಎಲ್ಲ ಒಂದಾಯಿತು.

ಇದು ನನ್ನ ಮನೆಯಲ್ಲಿ ಎಷ್ಟು ಸಲ ಆಗಿದೆಯೋ ಲೆಕ್ಕ ಇಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ದಿನವಿಡೀ ಕೆಲಸ ಮಾಡಿ, ಸಂಜೆಗೆ ನೋಡಿದರೆ ಮನೆ ಬೆಳಗ್ಗೆ ಇದ್ದ ಹಾಗೇ ಇರುತ್ತಿತ್ತು. ಆಮೇಲೆ ಗೊತ್ತಾಯಿತು, ನಾನು ಕೆಲಸಗಳನ್ನು ತಪ್ಪು ಅಳತೆಗೋಲಿನಲ್ಲಿ ಆರಿಸಿಕೊಳ್ಳುತ್ತಿದ್ದೆ ಅಂತ. ಯಾವುದು ಬೇಗ ಮುಗಿಯುತ್ತದೆ ಅಂತ ನೋಡುತ್ತಿದ್ದೆ. ಐದು ವರ್ಷದೊಳಗಿನ ಮಕ್ಕಳಿರುವಾಗ ಕೇಳಬೇಕಾದ ಪ್ರಶ್ನೆ ಬೇರೆ: ಹತ್ತನೇ ನಿಮಿಷಕ್ಕೆ ಬಿಟ್ಟು ಎದ್ದರೆ ಈ ಕೆಲಸದ ಗತಿ ಏನು?

ಕೆಲವು ಕೆಲಸ ಎಲ್ಲಿಗೆ ಬಿಟ್ಟರೂ ಮಾಡಿದಷ್ಟು ಮಾಡಿದ ಹಾಗೆ ಉಳಿಯುತ್ತದೆ. ಕೆಲವು ಬಿಟ್ಟರೆ ಮಾಡಿದ್ದೂ ಹಾಳು. ಇನ್ನು ಕೆಲವು ಬಿಟ್ಟು ಹೋದರೆ ಮಗುವಿಗೇ ಅಪಾಯ. ಕೆಳಗೆ ಹೋಲಿಸಿರೋದೆಲ್ಲ ಈ ಲೆಕ್ಕದಲ್ಲೇ.

ದಿನಾ ಸ್ವಲ್ಪವೋ, ವಾರಕ್ಕೊಂದು ದಿನ ಪೂರ್ತಿಯೋ

ವಾರಕ್ಕೊಂದು ದಿನ ಇಡೀ ಮನೆ ಗುಡಿಸಿ, ಒರೆಸಿ, ತೊಳೆದು ಮುಗಿಸೋದರಲ್ಲಿ ಒಂದು ಸುಖ ಇದೆ, ಸುಳ್ಳು ಹೇಳಲ್ಲ. ಸಂಜೆ ಹೊತ್ತಿಗೆ ಎಲ್ಲ ಕೋಣೆಯೂ ಒಟ್ಟಿಗೇ ಚೊಕ್ಕಟ. ಆದರೆ ಅದಕ್ಕೆ ಮೂರು ನಾಲ್ಕು ಗಂಟೆ ಒಂದೇ ಸಮ ಬೇಕು. ಮಗುವನ್ನು ಹೊರಗೆ ಕರೆದುಕೊಂಡು ಹೋಗೋಕೆ ಇನ್ನೊಬ್ಬರು ಇರಬೇಕು. ಆ ಒಂದು ದಿನ ಮಗುವಿಗೆ ಜ್ವರ ಬಂತು ಅಂದರೆ ಎರಡು ವಾರದ ಕೊಳೆ ಒಟ್ಟಿಗೆ ನಿಲ್ಲುತ್ತದೆ.

ದಿನಾ ಸ್ವಲ್ಪ ಮಾಡುವ ರೀತಿಯಲ್ಲಿ ಮನೆ ಯಾವತ್ತೂ ಪೂರ್ತಿ ಚೊಕ್ಕಟ ಅನ್ನಿಸುವುದಿಲ್ಲ. ಸೋಮವಾರ ಬಚ್ಚಲು, ಮಂಗಳವಾರ ಅಡುಗೆಮನೆ, ಹೀಗೆ ಹೋದರೆ ಯಾವುದೋ ಒಂದು ಮೂಲೆ ಯಾವಾಗಲೂ ಹಳೆಯದೇ. ಅದನ್ನು ಸಹಿಸಿಕೊಳ್ಳುವ ಮನಸ್ಸಿದ್ದರೆ ಇದೇ ವಾಸಿ. ಒಂದು ದಿನ ತಪ್ಪಿದರೆ ಒಂದೇ ಕೋಣೆ ತಪ್ಪುತ್ತದೆ.

ನಾನು ಇದರಲ್ಲಿ ಒಂದು ಸಣ್ಣ ಬದಲಾವಣೆ ಮಾಡಿಕೊಂಡೆ. ವಾರಕ್ಕೆ ಹೊಂದಿಸಿದ ಪಟ್ಟಿ ನಮ್ಮ ಮನೆಯಲ್ಲಿ ಮೂರನೇ ವಾರಕ್ಕೇ ಕೈಬಿಟ್ಟುಹೋಯಿತು. ಬುಧವಾರದ್ದು ತಪ್ಪಿದರೆ ಗುರುವಾರ ಎರಡು ಕೆಲಸ, ಅದೂ ತಪ್ಪಿದರೆ ಶುಕ್ರವಾರ ಮೂರು. ಸಾಲ ಬೆಳೆದ ಹಾಗೆ. ಈಗ ವಾರದ ಹೆಸರೇ ಇಲ್ಲ. ಕೆಲಸಗಳು ಒಂದರ ಹಿಂದೆ ಒಂದು ಸಾಲಿನಲ್ಲಿವೆ. ಸಮಯ ಸಿಕ್ಕಾಗ ಮುಂದಿನದ್ದು ಮಾಡೋದು. ನಾಲ್ಕು ದಿನ ಏನೂ ಆಗಲಿಲ್ಲ ಅಂದರೆ ಐದನೇ ದಿನವೂ ಅದೇ ಮುಂದಿನದ್ದು. ಬಾಕಿ ಅನ್ನೋ ಮಾತೇ ಇಲ್ಲ.

ಬಟ್ಟೆ

ವಾರದ ಬಟ್ಟೆಯನ್ನೆಲ್ಲ ಒಂದೇ ದಿನ ಒಗೆಯೋದಾದರೆ ಮೆಷಿನ್ ನಾಲ್ಕೈದು ಸಲ ಓಡಬೇಕು. ಒಗೆಯೋದು ಮೆಷಿನ್ನೇ, ನಿಜ. ಆದರೆ ತೆಗೆಯೋದು, ಹರವೋದು, ಎತ್ತೋದು, ಮಡಚೋದು, ಜೋಡಿಸೋದು ನೀವೇ. ಒಂದೇ ದಿನ ಅಷ್ಟು ಬಟ್ಟೆ ಒಣಗೋಕೆ ಜಾಗವೂ ಸಾಲದು. ದಿನಾ ಅಥವಾ ದಿನ ಬಿಟ್ಟು ದಿನ ಒಂದು ಲೋಡ್ ಹಾಕಿದರೆ ಹರವೋಕೆ ಹತ್ತು ನಿಮಿಷ, ಎತ್ತಿಡೋಕೆ ಹತ್ತು ನಿಮಿಷ. ನನ್ನ ಓಟು ಇದಕ್ಕೇ. ಒಂದೇ ತೊಂದರೆ, ಒಗೆದ ಬಟ್ಟೆ ಮೆಷಿನ್ನಲ್ಲೇ ಮರೆತು ಸಂಜೆಗೆ ಮುಗ್ಗಲು ವಾಸನೆ ಬಂದರೆ ಮತ್ತೆ ಒಗೆಯಬೇಕು. ಅದಕ್ಕೆ ತಡವಾಗಿ ಶುರುವಾಗುವ ಟೈಮರ್ ಇದ್ದರೆ ರಾತ್ರಿ ಹೊಂದಿಸಿಬಿಡಿ, ನೀವು ಏಳುವ ಹೊತ್ತಿಗೆ ಮುಗಿದಿರುವ ಹಾಗೆ. ಎದ್ದ ತಕ್ಷಣದ ಹತ್ತು ನಿಮಿಷ ದಿನದಲ್ಲೇ ಹೆಚ್ಚು ನಂಬಬಹುದಾದ ಹತ್ತು ನಿಮಿಷ. ಅಂತ ನಾನಂದುಕೊಂಡಿದ್ದೇನೆ, ನಿಮ್ಮ ಮಗು ಐದಕ್ಕೇ ಏಳುವ ಜಾತಿಯಾದರೆ ಕ್ಷಮಿಸಿ.

ಬಣ್ಣ ನೋಡಿ ಬೇರ್ಪಡಿಸೋದಾ, ಆಳು ನೋಡಿ ಬೇರ್ಪಡಿಸೋದಾ? ಬಣ್ಣ ಬಿಡುವ ಬಟ್ಟೆ ಎರಡು ಮೂರಿದ್ದರೆ ಅವನ್ನು ತೆಗೆದಿಟ್ಟು, ಉಳಿದದ್ದನ್ನು ಆಳಿಗೊಂದು ಲೋಡ್ ಮಾಡಿ. ಮಕ್ಕಳ ಬಟ್ಟೆ ಒಂದು ದಿನ, ದೊಡ್ಡವರದ್ದು ಇನ್ನೊಂದು ದಿನ. ಒಣಗಿದ ಮೇಲೆ ವಿಂಗಡಿಸುವ ಕೆಲಸವೇ ಇರುವುದಿಲ್ಲ. ಮಂಚದ ಮೇಲಿನ ಆ ಗುಡ್ಡ ಹುಟ್ಟೋದೇ ವಿಂಗಡಿಸೋಕೆ ಹೋಗಿ.

ಇನ್ನು ಮಡಚೋದು. ಮಗುವಿನ ಒಳಉಡುಪು, ಮನೆಯಲ್ಲಿ ಹಾಕುವ ಚಡ್ಡಿ, ಕಾಲುಚೀಲ, ಬಿಬ್ಬು ಇವನ್ನು ನಾನು ಮಡಚೋದೇ ಇಲ್ಲ. ಡ್ರಾಯರಿಗೆ ಹಾಗೇ ಸುರಿಯುತ್ತೇನೆ. ಎರಡು ವರ್ಷದ ಮಗು ಡ್ರಾಯರ್ ಎಳೆದು ಎಲ್ಲ ಹೊರಗೆ ಹಾಕಲಿ, ಎತ್ತಿ ಮತ್ತೆ ಒಳಗೆ ಹಾಕಿದರಾಯಿತು. ಮಡಚಿಟ್ಟಿದ್ದರೆ ಎದೆ ಒಡೆಯುತ್ತಿತ್ತು ಅಲ್ವಾ? ದೊಡ್ಡವರ ಅಂಗಿಗಳನ್ನು ಹ್ಯಾಂಗರಿಗೇ ಹಾಕಿ ಒಣಗಿಸಿದರೆ ಹಾಗೇ ಕಪಾಟಿಗೆ ಹೋಗುತ್ತವೆ. ಮಡಚಲೇಬೇಕಾದದ್ದನ್ನು ಕಪಾಟಿನ ಮುಂದೆ ನಿಂತು ಒಂದೊಂದೇ ಮಡಚಿ ಒಳಗಿಡಿ. ಏಳನೇ ಅಂಗಿಗೆ ಅಳು ಕೇಳಿದರೆ ಆರು ಅಂಗಿ ಒಳಗೆ ಹೋಗಿ ಆಗಿರುತ್ತವೆ.

ಬಟ್ಟೆಯ ಡೈಪರೋ, ಬಿಸಾಡುವ ಡೈಪರೋ ಅನ್ನೋ ಜಗಳ ಹಳೆಯದು. ಪರಿಸರದ ಮಾತು ಬಂದಾಗ ಬಟ್ಟೆಯದ್ದೇ ಒಳ್ಳೆಯದು ಅಂತ ಕಣ್ಣು ಮುಚ್ಚಿ ಹೇಳುತ್ತಾರೆ. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಲೆಕ್ಕ ಹಾಕಿದಾಗ ಎರಡೂವರೆ ವರ್ಷದ ಬಳಕೆಗೆ ಬಿಸಾಡುವುದರಿಂದ ಸುಮಾರು 550 ಕಿಲೋ, ಬಟ್ಟೆಯದ್ದರಿಂದ ಸುಮಾರು 570 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊಗೆ ಬಂತು. ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಮಾಡೋದು ಒಗೆಯುವ ರೀತಿ. ಮೆಷಿನ್ ತುಂಬ ಹಾಕಿ, ಡ್ರೈಯರ್ ಬಳಸದೆ ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಅದನ್ನೇ ಬಳಸಿದರೆ ಬಟ್ಟೆಯದ್ದು ಸಲೀಸಾಗಿ ಗೆಲ್ಲುತ್ತದೆ. ತೀರಾ ಬಿಸಿ ನೀರಲ್ಲಿ ಒಗೆದು ಡ್ರೈಯರಲ್ಲಿ ಒಣಗಿಸಿದರೆ ಸೋಲುತ್ತದೆ.

ನಮ್ಮ ಅಳತೆಗೋಲಿಗೆ ಬಂದರೆ, ಬಟ್ಟೆಯ ಡೈಪರ್ ಕೆಲಸವನ್ನು ನಾಲ್ಕು ದಿನ ಬಿಡೋಕೆ ಆಗುವುದಿಲ್ಲ. ನೆನೆಸಿಟ್ಟ ಬಕೆಟ್ ಮರೆಯೋ ಹಾಗಿಲ್ಲ. ಹಗಲು ಮನೆಯಲ್ಲಿರುವಾಗ ಬಟ್ಟೆಯದ್ದು, ರಾತ್ರಿ ಮತ್ತು ಹೊರಗೆ ಹೋಗುವಾಗ ಬಿಸಾಡುವುದು, ಹೀಗೆ ಬೆರೆಸಿಕೊಂಡವರು ನನಗೆ ಗೊತ್ತಿರುವವರಲ್ಲಿ ಹೆಚ್ಚು ದಿನ ನಡೆಸಿದ್ದಾರೆ. ಪೂರ್ತಿ ಬಟ್ಟೆ ಅಂತ ಹಟ ಹಿಡಿದವರು ಮೊದಲ ಭೇದಿಗೇ ಕೈಚೆಲ್ಲಿದರು. ಬಟ್ಟೆಯದ್ದೇ ಆರಿಸಿಕೊಂಡರೆ ಒಗೆಯುವಾಗ ಸಾಫ್ಟ್‌ನರ್ ಹಾಕಬೇಡಿ, ಹೀರುವ ಶಕ್ತಿ ಕಮ್ಮಿಯಾಗುತ್ತದೆ.

ನೆಲ

ಇಲ್ಲಿ ಸಮಯದ ಪ್ರಶ್ನೆ ಆಮೇಲೆ, ಮೊದಲು ಬಕೆಟ್. ಅಂಬೆಗಾಲಿಡುವ, ಈಗಷ್ಟೇ ನಡೆಯಲು ಕಲಿತ ಮಗುವಿಗೆ ತಲೆಯ ಭಾರ ಜಾಸ್ತಿ. ಬಕೆಟ್ಟಿನೊಳಗೆ ಬಗ್ಗಿದರೆ ತಲೆ ಕೆಳಗಾಗಿ ಬೀಳುತ್ತದೆ, ಮತ್ತೆ ಏಳೋಕೆ ಬರುವುದಿಲ್ಲ. ಐದು ಸೆಂಟಿಮೀಟರ್ ನೀರು ಸಾಕು, ಮುಳುಗೋಕೆ. ಸದ್ದೂ ಆಗುವುದಿಲ್ಲ. ಬಕೆಟ್ಟಲ್ಲಿ ನೀರು ಹಿಡಿದು ನೆಲ ಒರೆಸುವ ರೀತಿ ಅಗ್ಗ, ಕೊಳೆಯೂ ಚೆನ್ನಾಗಿ ಹೋಗುತ್ತದೆ. ಆದರೆ ಅರ್ಧಕ್ಕೆ ಬಿಟ್ಟು ಫೋನ್ ಎತ್ತೋಕೆ ಹೋಗುವ ಕೆಲಸ ಅಲ್ಲ ಇದು. ಮಗುವನ್ನು ನೋಡಿಕೊಳ್ಳಲು ಇನ್ನೊಬ್ಬರು ಇದ್ದಾಗ ಮಾತ್ರ ಬಕೆಟ್. ಮುಗಿದ ಕೂಡಲೇ ನೀರು ಚೆಲ್ಲಿ ಬೋರಲು ಹಾಕಬೇಕು. ಒಬ್ಬರೇ ಇದ್ದಾಗ ಒದ್ದೆ ಮಾಡಿ ಹಿಂಡಿದ ಬಟ್ಟೆಯ ಚಪ್ಪಟೆ ಮಾಪ್ ಹಿಡಿದು, ಊಟ ಮಾಡಿದ ಜಾಗವನ್ನಷ್ಟೇ ಒರೆಸಿ ಬಿಡಿ. ಮನೆಯ ನೆಲ ಹೆಚ್ಚು ಕೊಳೆಯಾಗೋದು ಮಗುವಿನ ಊಟದ ಕುರ್ಚಿಯ ಸುತ್ತ ಒಂದೆರಡು ಮೀಟರಿನಲ್ಲಿ. ಉಳಿದದ್ದು ಕಾಯುತ್ತದೆ.

ಇಸ್ತ್ರಿಯೂ ಇದೇ ಜಾತಿಯದ್ದು. ಬಿಸಿ ಪೆಟ್ಟಿಗೆ, ಜೋತುಬಿದ್ದ ವೈರು. ಮಗು ಎದ್ದಿರುವಾಗ ಬೇಡವೇ ಬೇಡ.

ರೋಬೋಟ್ ವ್ಯಾಕ್ಯೂಮ್ ಕೊಳ್ಳಬೇಕಾ ಅಂತ ಬಹಳ ಜನ ಕೇಳುತ್ತಾರೆ. ಅದು ಓಡಬೇಕಾದರೆ ನೆಲದ ಮೇಲೆ ಆಟದ ಸಾಮಾನು, ವೈರು, ಕಾಲುಚೀಲ ಇರಬಾರದು. ಅಂದರೆ ಅದಕ್ಕೋಸ್ಕರ ನೀವು ಮೊದಲು ನೆಲ ಖಾಲಿ ಮಾಡಬೇಕು. ಮಗು ಇರುವ ಮನೆಯಲ್ಲಿ ಕಷ್ಟದ ಭಾಗ ಅದೇ ತಾನೇ? ಒಂದೇ ಯಂತ್ರಕ್ಕೆ ದುಡ್ಡಿದೆ ಅಂದರೆ ನಾನು ಪಾತ್ರೆ ತೊಳೆಯುವ ಮೆಷಿನ್ ಅನ್ನುತ್ತೇನೆ. ದಿನಕ್ಕೆ ಎರಡು ಮೂರು ಸಲ ತಪ್ಪದೆ ಬರುವ ಕೆಲಸ ಅದು. ಅರ್ಧ ತುಂಬಿಸಿ ಬಿಟ್ಟು ಹೋದರೂ ಏನೂ ಆಗುವುದಿಲ್ಲ, ಕೊಳೆ ಪಾತ್ರೆ ಕಣ್ಣಿಗೂ ಬೀಳುವುದಿಲ್ಲ. ಅದರ ಸೋಪಿನ ಪುಡಿ, ಗುಳಿಗೆ ಮಾತ್ರ ಮೇಲಿನ ಅರೆಯಲ್ಲಿ ಬೀಗ ಹಾಕಿ ಇರಲಿ. ಬಣ್ಣಬಣ್ಣದ ಗುಳಿಗೆ ಮಗುವಿನ ಕಣ್ಣಿಗೆ ಮಿಠಾಯಿಯೇ.

ಸೋಪಿನ ಮಾತು ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. ದಿನನಿತ್ಯಕ್ಕೆ ಸೋಪು ನೀರು ಸಾಕು. ಮಗು ವಾಂತಿ ಭೇದಿ ಮಾಡಿಕೊಂಡಾಗ, ಹಸಿ ಮಾಂಸ ಕತ್ತರಿಸಿದ ಜಾಗಕ್ಕೆ ಕ್ರಿಮಿನಾಶಕ ಬೇಕು, ಅದೂ ಸೋಪಿನಲ್ಲಿ ಒರೆಸಿದ ಮೇಲೆ. ಬ್ಲೀಚನ್ನು ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಅಮೋನಿಯಾ ಇರುವುದರ ಜೊತೆಯೂ ಬೇಡ. ಮಗು ಎಳೆಯುತ್ತಿದೆ ಅಂತ ಅವಸರದಲ್ಲಿ ಎರಡು ಬಾಟಲಿ ಒಟ್ಟಿಗೆ ಸುರಿಯುವ ಹೊತ್ತಿಗೇ ಇಂಥದ್ದು ಆಗೋದು.

ಅಡುಗೆ: ದಿನಾ, ವಾರಕ್ಕೊಮ್ಮೆ, ಅಥವಾ ಅರ್ಧ ತಯಾರಿ

ದಿನಾ ಹೊಸದಾಗಿ ಮಾಡಿದರೆ ರುಚಿ. ಆದರೆ ಸಂಜೆ ಆರರಿಂದ ಎಂಟರ ತನಕ, ಮಗು ಹಸಿದು ದಣಿದು ಕಾಲಿಗೆ ಸುತ್ತಿಕೊಳ್ಳುವ ಹೊತ್ತಿಗೇ ನೀವು ಒಲೆಯ ಮುಂದೆ ನಿಂತಿರಬೇಕು. ಒಲೆ ಕೂಡ ಬಕೆಟ್ಟಿನ ಜಾತಿಯದ್ದೇ, ಬಿಟ್ಟು ಹೋಗುವ ಹಾಗಿಲ್ಲ. ಪಾತ್ರೆಯ ಹಿಡಿ ಗೋಡೆಯ ಕಡೆಗೆ ತಿರುಗಿರಲಿ, ಹಿಂದಿನ ಒಲೆಯನ್ನೇ ಮೊದಲು ಬಳಸಿ.

ವಾರದ್ದೆಲ್ಲ ಒಂದೇ ದಿನ ಮಾಡಿ ಇಡೋದು ಕೇಳೋಕೆ ಚೆನ್ನಾಗಿದೆ. ಆದರೆ ಬೇಯಿಸಿದ್ದು ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಇಡಬಾರದು. ಉಳಿದದ್ದು ಫ್ರೀಜರಿಗೆ, ಮೈನಸ್ 18 ಡಿಗ್ರಿಗೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಸುಲಭ: ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ, 5 ಡಿಗ್ರಿಗಿಂತ ತಣ್ಣಗೆ ಇಡಿ, ಮತ್ತೆ ತಿನ್ನುವಾಗ ಒಳಗೆಲ್ಲ 70 ಡಿಗ್ರಿ ಮುಟ್ಟುವ ಹಾಗೆ ಬಿಸಿ ಮಾಡಿ. ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಜ್ಜಿಗಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅದಕ್ಕೆ ಅಗಲವಾದ ಸಣ್ಣ ಡಬ್ಬಿಗಳು. ಇಷ್ಟೆಲ್ಲ ಆಗೋಕೆ ಮತ್ತೆ ಆ ಮೂರು ನಾಲ್ಕು ಗಂಟೆ ಬೇಕು, ಮತ್ತು ನಡುವೆ ಮಗುವನ್ನು ಮಲಗಿಸೋಕೆ ಹೋದರೆ ಹೊರಗಿಟ್ಟ ಪಾತ್ರೆಯ ಎರಡು ಗಂಟೆ ದಾಟಿಹೋಗುತ್ತದೆ. ನಾನು ಒಂದು ಸಲ ಮಗುವಿನ ಪಕ್ಕ ಮಲಗಿ ಹಾಗೇ ನಿದ್ದೆ ಹೋಗಿ ಮೂರು ದಿನದ ಊಟ ಕಸಕ್ಕೆ ಹಾಕಿದ್ದೇನೆ.

ಮೂರನೆಯದು ಅರ್ಧ ತಯಾರಿ. ತೊಳೆಯೋದು, ಹೆಚ್ಚೋದು, ಅಳೆದಿಡೋದು ಬೆಳಗ್ಗೆ ಅಥವಾ ಮಗು ಮಲಗಿದಾಗ. ಸಂಜೆ ಬೇಯಿಸೋದು ಮಾತ್ರ. ಅರ್ಧ ಹೆಚ್ಚಿ ಬಿಟ್ಟರೆ ಡಬ್ಬಿ ಮುಚ್ಚಿ ಫ್ರಿಜ್ಜಿಗಿಟ್ಟರಾಯಿತು. ಇದರ ಜೊತೆಗೆ, ಹೇಗೂ ಮಾಡುವಾಗ ಎರಡರಷ್ಟು ಮಾಡಿ ಒಂದು ಪಾಲು ಫ್ರೀಜರಿಗೆ ಹಾಕಿ. ಅದಕ್ಕೆ ಬೇರೆ ಸಮಯ ಬೇಡ. ಹದಿನೈದು ದಿನಕ್ಕೆ ನಾಲ್ಕೈದು ಡಬ್ಬಿ ಸೇರಿರುತ್ತವೆ, ಜ್ವರದ ದಿನಕ್ಕೆ ಅವೇ ಆಸರೆ. ಡಬ್ಬಿಯ ಮೇಲೆ ಏನು, ಯಾವತ್ತಿನದು ಅಂತ ಬರೆಯಿರಿ. ಹೆಪ್ಪುಗಟ್ಟಿದ ಮೇಲೆ ಎಲ್ಲ ಒಂದೇ ಥರ ಕಾಣುತ್ತದೆ.

ಆಟದ ಸಾಮಾನು

ಎಲ್ಲ ಒಂದೇ ದೊಡ್ಡ ಬುಟ್ಟಿಗೆ ಹಾಕೋದು, ಅಥವಾ ಬಗೆಬಗೆಯಾಗಿ ಚಿಕ್ಕ ಡಬ್ಬಿಗಳಲ್ಲಿ ಜೋಡಿಸೋದು. ದೊಡ್ಡ ಬುಟ್ಟಿಯಾದರೆ ಎರಡು ನಿಮಿಷದಲ್ಲಿ ಎತ್ತಿ ಮುಗಿಯುತ್ತದೆ, ಆದರೆ ಮಗುವಿಗೆ ತಳದಲ್ಲಿರುವ ಕಾರು ಬೇಕಾದಾಗ ಬುಟ್ಟಿಯೇ ಬೋರಲು. ಚಿಕ್ಕ ಡಬ್ಬಿಗಳು ಚಿತ್ರದಲ್ಲಿ ಚೆಂದ. ಮೂರು ವರ್ಷದವರು ಅದನ್ನು ಪಾಲಿಸುವುದಿಲ್ಲ, ಕೊನೆಗೆ ಜೋಡಿಸೋದು ನೀವೇ.

ಎರಡಕ್ಕಿಂತ ಮೂರನೇ ದಾರಿ ಒಳ್ಳೆಯದು: ಹೊರಗಿರುವ ಸಾಮಾನನ್ನೇ ಕಮ್ಮಿ ಮಾಡೋದು. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳಿಗೆ ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಿದರು. ನಾಲ್ಕೇ ಇದ್ದಾಗ ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ನಮ್ಮ ಮನೆಯಲ್ಲಿ ಮೂರು ಪಾಲು ಮಾಡಿ ಎರಡು ಪಾಲನ್ನು ಅಟ್ಟಕ್ಕೆ ಹಾಕಿದೆವು. ಎರಡು ಮೂರು ವಾರಕ್ಕೊಮ್ಮೆ ಬದಲಿ. ಇಳಿಸಿದ ದಿನ ಹಳೆಯ ಮರದ ರೈಲಿಗೆ ಹೊಸದರ ಮರ್ಯಾದೆ ಸಿಗುತ್ತದೆ. ಹರಡಿದರೂ ಹರಡೋದು ಮೂರನೇ ಒಂದು ಪಾಲು ಮಾತ್ರ, ಆಗ ದೊಡ್ಡ ಬುಟ್ಟಿಯೇ ಸಾಕು. ಬದಲಿಸುವಾಗ ಬ್ಯಾಟರಿಯ ಮುಚ್ಚಳ ಸ್ಕ್ರೂ ಹಾಕಿ ಭದ್ರವಾಗಿದೆಯಾ ನೋಡಿ. ಗುಂಡಿಯಂಥ ಚಪ್ಪಟೆ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ಮಲಗಿದಾಗಲೋ, ಎದ್ದಿರುವಾಗಲೋ

ಮಗು ಮಲಗಿದಾಗ ಕೆಲಸ ಮಾಡಿಕೊಳ್ಳಿ ಅಂತ ಒಬ್ಬರು, ಮಗು ಮಲಗಿದಾಗ ನೀವೂ ಮಲಗಿ ಅಂತ ಇನ್ನೊಬ್ಬರು. ಇಬ್ಬರೂ ಪುಕ್ಕಟೆ ಹೇಳಿ ಹೋಗುತ್ತಾರೆ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನದ್ದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಅದರಲ್ಲಿ ಹಗಲಿಗೆ ಬರೋದು ಒಂದೆರಡು ಗಂಟೆ, ಯಾವಾಗ ಮುಗಿಯುತ್ತದೋ ಗೊತ್ತಿಲ್ಲ. ಆ ಹೊತ್ತನ್ನು ಮಗು ಎದ್ದಾಗ ಮಾಡಬಹುದಾದ ಕೆಲಸಕ್ಕೆ ಸುರಿಯಬೇಡಿ. ಹರವೋದು, ಎತ್ತಿಡೋದು, ಧೂಳು ಒರೆಸೋದು ಎದ್ದಿರುವಾಗಲೇ ಆಗುತ್ತದೆ, ನಿಧಾನವಾಗಿ. ಮಲಗಿದಾಗಿನ ಹೊತ್ತು ತಲೆ ಬೇಕಾದ ಕೆಲಸಕ್ಕೆ, ಇಲ್ಲವೇ ನಿಮ್ಮ ನಿದ್ದೆಗೆ. ಕೂಸು ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಈ ಆಯ್ಕೆಯೇ ಇಲ್ಲ: ಮಲಗಿ. ಪಾತ್ರೆ ಕೊಳೆತುಹೋಗುವುದಿಲ್ಲ.

ಎದ್ದಿರುವಾಗ ಮಗುವನ್ನು ಕೆಲಸದಿಂದ ದೂರ ಇಡಬೇಕಾ, ಸೇರಿಸಿಕೊಳ್ಳಬೇಕಾ? ದೂರ ಇಟ್ಟರೆ ಇವತ್ತಿನ ಕೆಲಸ ಬೇಗ. ಸೇರಿಸಿಕೊಂಡರೆ ಹತ್ತು ನಿಮಿಷದ್ದು ಇಪ್ಪತ್ತೈದು ಆಗುತ್ತದೆ. ಆದರೂ ಸೇರಿಸಿಕೊಳ್ಳಿ ಅನ್ನುತ್ತೇನೆ, ಯಾಕಂದರೆ ಅವರಿಗೆ ಅದು ಬೇಕು. ವಾರ್ನೆಕೆನ್ ಮತ್ತು ಟೊಮಸೆಲ್ಲೊ ಎಂಬ ಸಂಶೋಧಕರು 2006ರಲ್ಲಿ ತೋರಿಸಿದ ಹಾಗೆ, ಎದುರಿನವರ ಕೈಯಿಂದ ಏನಾದರೂ ಜಾರಿ ಬಿದ್ದರೆ ಒಂದೂವರೆ ವರ್ಷದ ಮಕ್ಕಳೂ ಯಾರೂ ಹೇಳದೆ ಎತ್ತಿ ಕೊಡುತ್ತಾರೆ. ಅವರೇ 2008ರಲ್ಲಿ ಇನ್ನೊಂದು ನೋಡಿದರು: ಸಹಾಯ ಮಾಡಿದ್ದಕ್ಕೆ ಬಹುಮಾನ ಪಡೆದ 20 ತಿಂಗಳ ಮಕ್ಕಳು ಆಮೇಲೆ ಕಮ್ಮಿ ಸಹಾಯ ಮಾಡಿದರು. ಹಾಗಾಗಿ ಸ್ಟಿಕರ್, ಮಿಠಾಯಿ ಕೊಟ್ಟು ಕೆಲಸ ಮಾಡಿಸುವ ಪದ್ಧತಿ ಇಷ್ಟು ಸಣ್ಣ ವಯಸ್ಸಿಗೆ ಬೇಡ. ಸುಮ್ನೆ ಕಾಲುಚೀಲದ ಬುಟ್ಟಿ ಮುಂದಿಟ್ಟು "ಇದರ ಜೋಡಿ ಎಲ್ಲಿದೆ ಕಂದಾ?" ಅಂತ ಕೇಳಿ. ಒಂದು ನೀಲಿ, ಒಂದು ಹಳದಿ ತಂದು ಕೊಡುತ್ತದೆ. ಜೋಡಿ ಅಂತ ಒಪ್ಪಿಕೊಳ್ಳಿ.

ಇಬ್ಬರಿದ್ದರೆ ಹಂಚೋದು ಹೇಗೆ

ಮನೆಯಲ್ಲಿ ಇಬ್ಬರು ದೊಡ್ಡವರಿದ್ದರೆ ಕೆಲಸ ಹಂಚುವ ಎರಡು ರೀತಿ. ಒಬ್ಬರು ನೋಡಿಕೊಂಡು ಹೇಳೋದು, ಇನ್ನೊಬ್ಬರು ಹೇಳಿದ್ದು ಮಾಡೋದು. ಅಥವಾ ಒಂದೊಂದು ವಿಷಯವನ್ನು ತಲೆಯಿಂದ ಬಾಲದವರೆಗೆ ಒಬ್ಬರೇ ಇಟ್ಟುಕೊಳ್ಳೋದು. ಮೊದಲನೆಯದು ಶುರು ಮಾಡೋಕೆ ಸುಲಭ, ಅದಕ್ಕೇ ಎಲ್ಲ ಮನೆಯಲ್ಲೂ ಅದೇ ಇರುತ್ತದೆ. "ನೀನು ಹೇಳಿದ್ದರೆ ಮಾಡ್ತಿದ್ದೆ" ಅನ್ನೋ ಮಾತು ಬರೋದು ಅಲ್ಲಿಂದಲೇ.

ಸಮಾಜಶಾಸ್ತ್ರಜ್ಞೆ ಆಲಿಸನ್ ಡಮಿಂಜರ್ 2019ರಲ್ಲಿ ದಂಪತಿಗಳನ್ನು ಮಾತಾಡಿಸಿ ಬರೆದ ಲೇಖನದಲ್ಲಿ ಈ ಕಾಣದ ಕೆಲಸವನ್ನು ನಾಲ್ಕಾಗಿ ಬಿಡಿಸಿದ್ದಾರೆ. ಮುಂದೇನು ಬೇಕಾಗುತ್ತದೆ ಅಂತ ಊಹಿಸೋದು, ದಾರಿ ಹುಡುಕೋದು, ತೀರ್ಮಾನಿಸೋದು, ಆಯಿತಾ ಅಂತ ಗಮನಿಸೋದು. ತೀರ್ಮಾನದ ಹೊತ್ತಿಗೆ ಇಬ್ಬರೂ ಇರುತ್ತಾರೆ. ಊಹಿಸೋದು, ಗಮನಿಸೋದು ಹೆಚ್ಚಾಗಿ ಹೆಂಡತಿಯ ತಲೆಗೆ. ಡೈಪರಿನಲ್ಲೇ ನೋಡಿ. ಅಂಗಡಿಗೆ ಹೋಗಿ ತರೋದು ಕಾಲು ಗಂಟೆಯ ಕೆಲಸ. ಇನ್ನು ಆರೇ ಉಳಿದಿವೆ, ಈ ಅಳತೆ ಬಿಗಿಯಾಗುತ್ತಿದೆ, ಮುಂದಿನ ಸಲ ದೊಡ್ಡದು ತರಬೇಕು ಅನ್ನೋದು ಇಡೀ ವಾರ ತಲೆಯಲ್ಲಿ ಓಡುತ್ತಿರುವ ಕೆಲಸ.

ಅದಕ್ಕೆ ಎರಡನೆಯ ರೀತಿ. ಡೈಪರ್ ಅಂದರೆ ಎಣಿಸೋದು, ತರೋದು, ಬ್ಯಾಗಿಗೆ ತುಂಬೋದು, ಅಳತೆ ಬದಲಿಸೋದು ಎಲ್ಲ ಒಬ್ಬರದ್ದೇ. ಇನ್ನೊಬ್ಬರು ನೆನಪಿಸೋ ಹಾಗಿಲ್ಲ, ಇದೇ ಕಷ್ಟದ ಭಾಗ. ಮೊದಲ ತಿಂಗಳಲ್ಲಿ ಒಂದು ಸಲ ಖಾಲಿಯಾಗೇ ಆಗುತ್ತದೆ. ರಾತ್ರಿ ಹನ್ನೊಂದಕ್ಕೆ ತೆರೆದಿರುವ ಅಂಗಡಿ ಹುಡುಕಿ ಹೋಗಿ ಬಂದವರು ಮಾರನೇ ದಿನದಿಂದ ತಾವೇ ಎಣಿಸುತ್ತಾರೆ.